ಅಮಾವಾಸ್ಯೆಯ ಪ್ರತಿ

ಕುರುಗೋಡಿನ ಸ್ಕ್ಯಾನ್ ಸೆಂಟರಿನಲ್ಲಿ ಗೌತಮಿ ಬೆಳಗಿನಿಂದ ಕುರ್ಚಿಯ ಮೇಲೆ ಕೂತದ್ದಕ್ಕಿಂತ ಎದ್ದು ಓಡಾಡಿದ್ದೇ ಹೆಚ್ಚು. ಕೆಟ್ಟಿದ್ದದ್ದು ಒಂದು ಪ್ರಿಂಟರ್. ಅದಕ್ಕಾಗಿ ಬಳ್ಳಾರಿಯಿಂದ, ಸೆಂಟರಿನ ಕಂಪ್ಯೂಟರು ನೋಡಿಕೊಳ್ಳುವ ಅವಳೇ ಬರಬೇಕಾಗಿರಲಿಲ್ಲ. ಇಲ್ಲಿಯ ಟೆಕ್ನಿಷಿಯನ್ ಪ್ರಭುಲಿಂಗ ಅದರ ನೆತ್ತಿಗೆ ಎರಡು ಏಟು ಕೊಟ್ಟು ಓಡಿಸುತ್ತಿದ್ದ. ಆದರೆ ಬಳ್ಳಾರಿಯ ಆಫೀಸಿನಲ್ಲಿ ಕೂತರೆ ನಿನ್ನೆ ಡಾಕ್ಟರ್ ಅಂಜನಾ ಹೇಳಿದ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತದೆ ಎಂದು ತಾನೇ ನೆವ ಮಾಡಿಕೊಂಡು ಬಂದಿದ್ದಳು. ಬಂದರೇನು, ಆ ಮಾತೂ ಅದೇ ಬಸ್ಸು ಹತ್ತಿ ಬಂದಿತ್ತು.

ಮಾತು ಅವಳ ಅಪ್ಪ ಓಬಣ್ಣನ ಬಗ್ಗೆ. ಸಿರಿಗೇರಿಯಲ್ಲಿ ಭತ್ತ ನಾಟಿ ಮಾಡುವ ಆಳುಗಳ ಗುಂಪಿಗೆ ಅವನು ಮೇಸ್ತ್ರಿ. ಈ ಬದುವಿನಲ್ಲಿ ನಿಂತು ಒಮ್ಮೆ ಕೂಗಿದರೆ ಆ ಬದುವಿನ ಹೆಂಗಸರ ಹರಟೆ ನಿಲ್ಲುವಂಥ ಗಂಟಲು. ಆ ಗಂಟಲಿಗೆ ಕೆಲವು ವಾರಗಳಿಂದ ಕೆಮ್ಮು ಗಂಟುಬಿದ್ದಿತ್ತು. ಮಗಳು ಹಟ ಹಿಡಿದು ಬಳ್ಳಾರಿಗೆ ಕರೆತಂದು, ತಾನು ಕೆಲಸ ಮಾಡುವ ಸೆಂಟರಿನಲ್ಲೇ ಎದೆಯ ಸ್ಕ್ಯಾನ್ ಮಾಡಿಸಿದಳು. ಬಲಗಡೆಯ ಶ್ವಾಸಕೋಶದಲ್ಲಿ ಅವರೆಕಾಳಿನಷ್ಟು ಒಂದು ಚುಕ್ಕೆ ಕಂಡಿತು. ಸೆಂಟರಿನಲ್ಲಿ ಚಿತ್ರ ಓದಿ ವರದಿ ಬರೆಯುವ ಅಂಜನಾ, ಗೌತಮಿಯೊಬ್ಬಳನ್ನೇ ಒಳಗೆ ಕರೆದರು.

“ಎರಡು ವರ್ಷದ ಹಿಂದ ಇವರಿಗೆ ನಮ್ಮ ಸಿರುಗುಪ್ಪ ಸೆಂಟರ್‌ನಾಗ ಎದಿ ಸ್ಕ್ಯಾನ್ ಆಗಿತ್ತು ಅಂದ್ಯಲ್ಲ, ಅದನ್ನ ತಾ. ಆಗಲೂ ಈ ಚುಕ್ಕಿ ಇಷ್ಟೇ ಇದ್ರ ಅದು ಹಳೇ ಗಾಯದ ಕಲಿ, ಅದರ ಪಾಡಿಗೆ ಬಿಡೋಣ. ಆಗ ಇಲ್ಲದ್ದು ಈಗ ಬಂದಿದ್ರ ಮಾತ್ರ ತಡ ಮಾಡೋದು ಬ್ಯಾಡ. ಸೂಜಿ ಹಾಕಿ ಚೂರು ತೆಗೆದು ಪರೀಕ್ಷಾ ಮಾಡಿಸಬೇಕು. ಈ ವಾರದಾಗ.”

ಹೊರಗೆ ಬೆಂಚಿನ ಮೇಲಿದ್ದ ಓಬಣ್ಣನ ಕಿವಿಗೆ ಹಳೇ ಸ್ಕ್ಯಾನ್, ಸೂಜಿ ಎಂಬೆರಡೇ ಬಿದ್ದವು. “ಚುಚ್ಚಿಸ್ಕೊಳ್ಳಾಕ ನಾನೇನು ಗೋಣಿಚೀಲ ಅದೀನೇನು? ಚುಚ್ಚಿದ ಮ್ಯಾಲ ನಮ್ಮೂರ ಎರ್ರಣ್ಣ ಎಷ್ಟು ದಿನ ಉಳಿದ ನೋಡ್ಲಿಲ್ಲೇನು? ಹಳೇ ಫೋಟೋ ತಂದು ತೋರಿಸೂತನ ಯಾರೂ ನನ್ನ ಮುಟ್ಟಬ್ಯಾಡ್ರಿ,” ಎಂದವನೇ ಸಿರಿಗೇರಿಯ ಬಸ್ಸು ಹತ್ತಿಬಿಟ್ಟ.

ಹಳೇ ಫೋಟೋ! ಎಲ್ಲಿಂದ ತರುವುದು? ಎರಡು ವರ್ಷದ ಹಿಂದೆ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಕೆರೆಯ ಮಣ್ಣು ಹೇರಿಕೊಂಡು ಬರುವಾಗ ಓಬಣ್ಣ ಟಿವಿಎಸ್ ಸಮೇತ ಬಿದ್ದು ಪಕ್ಕೆ ಜಜ್ಜಿಸಿಕೊಂಡಿದ್ದ. ಆಗ ಸ್ಕ್ಯಾನ್ ಮಾಡಿ ಎಲುಬು ಮುರಿದಿಲ್ಲ ಎಂದು ಬರೆದುಕೊಟ್ಟಿದ್ದರು. ಎಲುಬಿನಾಚೆ ಯಾರೂ ನೋಡಲಿಲ್ಲವೋ, ನೋಡಿಯೂ ಬರೆಯಲಿಲ್ಲವೋ. ಆ ಫಿಲ್ಮನ್ನು ಗೌತಮಿಯ ಅವ್ವ ಉಚ್ಚೆಂಗೆಮ್ಮ ಬಚ್ಚಲಮನೆಯ ಒಡೆದ ಕಿಟಕಿಗೆ ಅಂಟಿಸಿದ್ದಳು. “ಚಲೋ ದಪ್ಪ ಹಾಳಿ ಇತ್ತವ್ವ, ಗಾಳಿ ನಿಂತಿತು,” ಎಂದು ಅವಳ ಸಮಜಾಯಿಷಿ. ಬಿಸಿಲು ಮತ್ತು ಬಚ್ಚಲ ಹಬೆ ಸೇರಿ ಅದರಲ್ಲಿದ್ದ ಎದೆಯನ್ನು ಎಂದೋ ತಿಂದು ಮುಗಿಸಿದ್ದವು.

ಇನ್ನು ಉಳಿದದ್ದು ಕಂಪ್ಯೂಟರ್. ಅದು ಗೌತಮಿಯದೇ ರಾಜ್ಯ. ಸೆಂಟರಿನ ಮಾಲೀಕ ವಿರೂಪಾಕ್ಷಪ್ಪನವರಿಗೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮುಖ್ಯ ಕಟ್ಟಡ, ಸಿರುಗುಪ್ಪ ಮತ್ತು ಕುರುಗೋಡಿನಲ್ಲಿ ಒಂದೊಂದು ಶಾಖೆ. ಮೂರೂ ಊರಿನ ಚಿತ್ರಗಳು ಬಂದು ಬೀಳುವುದು ಸತ್ಯನಾರಾಯಣಪೇಟೆಯ ಒಂದೇ ಸರ್ವರಿಗೆ. ಅದರೊಳಗೆ ಊರಿಗೊಂದರಂತೆ ಮೂರು ವರ್ಚುವಲ್ ಮಷೀನ್. ಹೊರಗಿನಿಂದ ಕಾಣುವುದು ಒಂದೇ ಪೆಟ್ಟಿಗೆ. ಒಳಗೆ ಮೂರು ಕಂಪ್ಯೂಟರುಗಳು, ಒಂದೇ ಮನೆಯಲ್ಲಿ ಒಲೆ ಬೇರೆ ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ, ಒಂದರ ಗೊಡವೆ ಒಂದಕ್ಕಿಲ್ಲದೆ ಸಂಸಾರ ನಡೆಸುತ್ತವೆ. ಪ್ರತಿಯೊಂದಕ್ಕೂ ಗೌತಮಿ ಮೂರು ಬಗೆಯ ಬ್ಯಾಕಪ್ ಗೊತ್ತುಮಾಡಿದ್ದಳು. ದಿನದ ಪ್ರತಿಯನ್ನು ಎರಡು ವಾರ ಇಟ್ಟು ಅಳಿಸುವುದು. ವಾರದ್ದನ್ನು ಎರಡು ತಿಂಗಳು ಇಟ್ಟು ಅಳಿಸುವುದು. ತಿಂಗಳ ಪ್ರತಿಗಳನ್ನು ಇಪ್ಪತ್ತನಾಲ್ಕು ಇಟ್ಟುಕೊಂಡು, ಇಪ್ಪತ್ತೈದನೆಯದು ಬಂದಾಗ ಎಲ್ಲಕ್ಕೂ ಹಳೆಯದನ್ನು ಅಳಿಸಿ ಜಾಗ ಮಾಡುವುದು. ಸ್ಕ್ಯಾನ್ ಚಿತ್ರಗಳು ಭಾರದ ಸರಕು, ಮಷೀನಿನಲ್ಲಿ ಒಂದು ತಿಂಗಳಿಗಿಂತ ಹೆಚ್ಚು ನಿಲ್ಲಿಸಿಕೊಳ್ಳಲು ಜಾಗವಿಲ್ಲ. ಹಾಗಾಗಿ ಯಾವುದೇ ಹಳೆಯ ರೋಗಿಯ ಚಿತ್ರಕ್ಕೆ ಆ ತಿಂಗಳ ಪ್ರತಿಯೊಂದೇ ಗತಿ.

ದಿನದ್ದು, ವಾರದ್ದು ತಾವಾಗಿಯೇ ನಡೆಯುತ್ತವೆ. ತಿಂಗಳದ್ದು ಮಾತ್ರ ವಿರೂಪಾಕ್ಷಪ್ಪನವರ ಕೈಯಲ್ಲಿ, ಮತ್ತು ಅದಕ್ಕೆ ತಾರೀಖಿಲ್ಲ, ತಿಥಿ ಇದೆ. ವೈರಸ್ ಭಯಕ್ಕೆ ಆ ಡಿಸ್ಕನ್ನು ವೈರು ಕಿತ್ತು ಬೀರುವಿನಲ್ಲಿಡಬೇಕು, ತಿಂಗಳಿಗೊಮ್ಮೆ ಮಾತ್ರ ತೆಗೆಯಬೇಕು ಎಂದು ಗೌತಮಿ ಹೇಳಿದಾಗ ಅವರು ಕುಣಿದು ಒಪ್ಪಿದ್ದರು. “ಹಂಗಾರ ಅಮಾಸಿಗೇ ತಗೀತೀನಿ. ನಮ್ಮಪ್ಪ ಅಂಗಡಿ ತಕ್ಕಡಿಗೂ ಅಮಾಸಿಗೇ ಪೂಜಿ ಮಾಡ್ತಿದ್ದ.” ಅಂದಿನಿಂದ ಅಮಾವಾಸ್ಯೆ ಬಂತೆಂದರೆ ಸರ್ವರ್ ಆರಿಸಿ, ಧೂಳು ಒರೆಸಿ, ವಿಭೂತಿ ಬಳಿದು, ಕಾಯಿ ಒಡೆದು, ಮತ್ತೆ ಚಾಲೂ ಮಾಡಿ ಡಿಸ್ಕ್ ಜೋಡಿಸುತ್ತಾರೆ. ಆಮೇಲೆ ಕರ್ಪೂರ ಬೆಳಗಿ, ಅದು ಆರುವುದರೊಳಗೆ ಎಂಟರ್ ಗುಂಡಿಯನ್ನು ತಾವೇ ಒತ್ತುತ್ತಾರೆ. ಒತ್ತಿದ ಕೂಡಲೇ ಮೊದಲು ಹಳೆಯ ಪ್ರತಿ ಅಳಿಯುತ್ತದೆ, ಆಮೇಲೆ ಹೊಸದು ಶುರುವಾಗುತ್ತದೆ.

ಗೌತಮಿ ನಿನ್ನೆಯೇ ಬೆರಳು ಮಡಚಿ ಎಣಿಸಿದ್ದಳು. ಅಪ್ಪ ಬಿದ್ದ ಆ ಮಣ್ಣೆತ್ತಿನ ಅಮಾವಾಸ್ಯೆಯೂ ಸೇರಿ ಇಪ್ಪತ್ತೈದನೆಯ ಅಮಾವಾಸ್ಯೆ ಕಳೆದ ತಿಂಗಳೇ ಬಂದು ಹೋಗಿತ್ತು. ಅಪ್ಪನ ಚಿತ್ರ ಅಳಿಸಿಹೋಗಿ ತಿಂಗಳಾಯಿತು. ಒಂದೇ ಒಂದು ತಿಂಗಳು! ವರ್ಷದ ಹಿಂದೆಯೇ ಅಳಿಸಿಹೋಗಿದ್ದರೂ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

“ಮೇಡಂ, ನೀವು ಚಾ ಕುಡೀರಿ ಮೊದಲ. ಪ್ರಿಂಟರ್ ಎಲ್ಲೂ ಓಡಿಹೋಗಂಗಿಲ್ಲ,” ಎಂದ ಪ್ರಭುಲಿಂಗ. ಅವನಿಗೆ ವಿಷಯ ತಿಳಿಯದು. ಸುಮ್ಮನಿರಲಾರದ ಆಸಾಮಿ, ಮಾತಿಗೆ ಮಾತು ಸೇರಿಸಿದ: “ಇವತ್ತು ಸಾಹೇಬ್ರ ಪೂಜಿ ಭಾರಿ ಜೋರಂತ. ಹೋದ ತಿಂಗಳು ಅಧಿಕ ಮಾಸ ಅಂತ ಮಾಡ್ಲಿಲ್ಲಲ್ಲ, ಎರಡೂ ಕೂಡಿಸಿ ಮಾಡ್ತಾರ.”

ಗೌತಮಿಯ ಕೈಯಲ್ಲಿದ್ದ ಲೋಟ ನಿಂತಲ್ಲೇ ನಿಂತಿತು. “ಏನು ಮಾಡ್ಲಿಲ್ಲ?”

“ಪೂಜಿ. ಅಧಿಕ ಮಾಸದಾಗ ಹೊಸದು ಏನೂ ಸುರು ಮಾಡಬಾರದು ಅಂತ ಬೀರು ಬಾಗಿಲಾನೂ ತೆಗೀಲಿಲ್ಲಂತ.”

ಕಳೆದ ತಿಂಗಳು ಗೌತಮಿ ಹೊಸ ಯಂತ್ರ ಕೂರಿಸಲು ಸಿರುಗುಪ್ಪದಲ್ಲಿದ್ದಳು. ಅಧಿಕ ಮಾಸದ ಪ್ರಸ್ತಾಪ ಬಂದಾಗ ಫೋನಿನಲ್ಲೇ ಜಗಳವಾಡಿದ್ದಳು. ಬ್ಯಾಕಪ್ಪಿಗೆ ಎಲ್ಲಿಯ ಅಧಿಕ ಮಾಸ, ಒಂದು ತಿಂಗಳು ತಪ್ಪಿದರೆ ಯಾರು ಜವಾಬು ಎಂದು ಕೂಗಾಡಿದ್ದಳು. ಅವರು “ಹ್ಞೂಂ, ನೋಡೋಣಂತ” ಎಂದಿದ್ದರು. ಅದನ್ನು ಅವಳು ಒಪ್ಪಿಗೆ ಎಂದುಕೊಂಡಿದ್ದಳು. ವಿರೂಪಾಕ್ಷಪ್ಪನವರ ಬಾಯಲ್ಲಿ ನೋಡೋಣಂತ ಎಂದರೆ ಆಗುವುದಿಲ್ಲ ಎಂದೇ ಅರ್ಥ, ಅದು ಬಳ್ಳಾರಿಯ ಅರ್ಧ ಊರಿಗೆ ಗೊತ್ತು.

ಹಾಗಿದ್ದರೆ ಇಪ್ಪತ್ತೈದನೆಯ ಪ್ರತಿ ಇನ್ನೂ ಆಗಿಲ್ಲ. ಹಾಗಿದ್ದರೆ ಅಪ್ಪನ ಎದೆ ಇನ್ನೂ ಆ ಡಿಸ್ಕಿನಲ್ಲಿದೆ. ಅವಳಿಗೆ ಕೂಗಿ ಕುಣಿಯಬೇಕೆನಿಸಿತು. ಅಷ್ಟರಲ್ಲೇ ಎದುರಿನ ಪರದೆಯ ಮೇಲೆ ಕುರುಗೋಡಿನ ಮಷೀನು ಕಣ್ಣುಮುಚ್ಚಿತು. ಸಂಪರ್ಕ ಕಡಿದಿದೆ ಎಂಬ ಸಾಲು ಮೂಡಿತು.

“ಪೂಜಿ ಸುರು ಆತು,” ಎಂದ ಪ್ರಭುಲಿಂಗ ನಿರಾಳವಾಗಿ. “ಸರ್ವರ್ ಆರಿಸಿದ್ರು.”

ಗೌತಮಿ ಲೋಟ ಕೆಳಗಿಟ್ಟಳು. ವಿರೂಪಾಕ್ಷಪ್ಪನವರಿಗೆ ಫೋನ್ ಮಾಡಿದಳು, ಸ್ವಿಚ್ ಆಫ್. ಪೂಜೆಯಲ್ಲಿ ಅವರ ಫೋನು ಯಾವಾಗಲೂ ಹಾಗೆಯೇ. ಇಲ್ಲಿಂದ ಕಂಪ್ಯೂಟರಿನಲ್ಲೇ ತಡೆಯೋಣವೆಂದರೆ ಸರ್ವರೇ ಆರಿದೆ, ಎದ್ದರೂ ತಿಂಗಳ ಪ್ರತಿಯ ಗುಂಡಿಗೆ ಇಲ್ಲಿಂದ ಕೈ ಹಾಕಲು ಬರುವುದಿಲ್ಲ. “ಬೈಕ್ ತಗಿ,” ಎಂದಳು. ಪ್ರಭುಲಿಂಗ ಅವಳ ಮುಖ ನೋಡಿದ, ಏಕೆ ಎಂದು ಕೇಳಲಿಲ್ಲ. ಮಾತಾಡುವವನು ಮಾತು ಬಿಟ್ಟಾಗಲೇ ಅವನ ಒಳ್ಳೆಯತನ ಕಾಣುವುದು.

ಕುರುಗೋಡು ದಾಟುವಷ್ಟರಲ್ಲಿ ಹಿಂದೆ ಕೂತಿದ್ದ ಅವಳು ಬಳ್ಳಾರಿ ಸೆಂಟರಿನ ರಿಸೆಪ್ಷನಿಸ್ಟ್ ನಾಗಲಕ್ಷ್ಮಿಯನ್ನು ಫೋನಿನಲ್ಲಿ ಹಿಡಿದಳು. ನಾಗಲಕ್ಷ್ಮಿ ಸರ್ವರ್ ಕೋಣೆಯ ಬಾಗಿಲಲ್ಲೇ ಹೂವಿನ ತಟ್ಟೆ ಹಿಡಿದು ನಿಂತಿದ್ದಳಂತೆ, ದನಿ ಪಿಸುಪಿಸು.

“ಡಿಸ್ಕ್ ಬೀರುದಿಂದ ಹೊರಗ ಬಂದೈತಕ್ಕ. ಕಾಯಿ ಒಡದ್ರು.”

“ನಾಗೂ, ಗುಂಡಿ ಒತ್ತಬ್ಯಾಡ್ರಿ ಅಂತ ಹೇಳು. ಹಳೇ ಪ್ರತಿಯಾಗ ನಮ್ಮಪ್ಪಂದು ಸ್ಕ್ಯಾನ್ ಐತಿ, ಒತ್ತಿದ್ರ ಹೋಗತೈತಿ.”

“ಅಯ್ಯೋ, ನಾ ಒಲ್ಲೆವ್ವ. ಪೂಜಿ ನಡುವ ಬಾಯಿ ಬಿಟ್ಟಿದ್ದಕ್ಕ ವಾಚ್‌ಮನ್ ಪಕ್ಕೀರಪ್ಪನ್ನ ಅವತ್ತಿಂದವತ್ತ ಸಿರುಗುಪ್ಪಕ್ಕ ಅಟ್ಟಿಲ್ಲೇನು? ನನ್ನ ಕೂಸು ಇಲ್ಲೇ ಸಾಲಿಗೆ ಹೋಗತೈತಿ.”

ಬೈಯಲು ಬಾಯಿ ತೆರೆದ ಗೌತಮಿ ಬೈಯಲಿಲ್ಲ. ಬೈದರೆ ಇವಳು ಫೋನ್ ಇಡುತ್ತಾಳೆ. ಇವತ್ತು ಮತ್ತೆ ಮಣ್ಣೆತ್ತಿನ ಅಮಾವಾಸ್ಯೆ, ರಸ್ತೆಯ ಎರಡೂ ಬದಿಗೆ ತಳ್ಳುಗಾಡಿಗಳಲ್ಲಿ ಮಣ್ಣಿನ ಎತ್ತುಗಳು ಜೋಡಿ ಜೋಡಿಯಾಗಿ ನಿಂತಿದ್ದವು. ಕೊಳ್ಳುವವರು ರಸ್ತೆಗೇ ಇಳಿದಿದ್ದರು. ಪ್ರಭುಲಿಂಗ ಹಾರ್ನಿನ ಮೇಲಿನ ಬೆರಳು ತೆಗೆದಿರಲಿಲ್ಲ. ದಾರಿಯ ನಡುವಿನ ಕೋಳೂರು ಇನ್ನೂ ಬಂದಿರಲಿಲ್ಲ. ಮಾತಾಡದೆ ಆ ಮನುಷ್ಯನನ್ನು ತಡೆಯುವುದು ಹೇಗೆ?

“ನಾಗೂ,” ಎಂದಳು, “ಸೀನು.”

“ಏನು?”

“ಕರ್ಪೂರ ಹಚ್ಚೋ ಹೊತ್ತಿಗೆ ಸರಿಯಾಗಿ ಸೀನು. ಒಂಟಿ ಸೀನು. ಸೀನಿದವರನ್ನ ಯಾರೂ ಸಿರುಗುಪ್ಪಕ್ಕ ಅಟ್ಟಂಗಿಲ್ಲ.”

“ನನಗ ನೆಗಡಿ ಇಲ್ಲಲ್ಲಕ್ಕ.”

“ದುಪ್ಪಟ್ಟಾದ ಚುಂಗು ಮೂಗಿನಾಗ ತುರುಕ್ಕೋ! ನಿನ್ನ ಕಾಲಿಗೆ ಬೀಳ್ತೀನಿ.”

ಆಮೇಲೆ ಸ್ವಲ್ಪ ಹೊತ್ತು ಫೋನಿನಲ್ಲಿ ಗಂಟೆಯ ಸದ್ದು, ವಿರೂಪಾಕ್ಷಪ್ಪನವರ ಮಂತ್ರದ ಗೊಣಗು. ಅದರ ನಡುವೆ ಒಮ್ಮೆಲೇ “ಆಕ್ಷೀ!” ಎಂಬ ಸಿಡಿಲು. ಗಂಟೆ ನಿಂತಿತು.

“ಥೂ! ಯಾರವ್ವ ಅದು, ಸರಿ ಹೊತ್ತಿಗೆ?”

“ನಾನ್ರಿ. ತಡೀಲಿಲ್ರಿ.”

“ಕರ್ಪೂರ ಆರಿಸ್ರಿ. ನೀರು ತಾ. ಸ್ವಲ್ಪ ಹೊತ್ತು ಕುಂತು ಮಾಡೋಣು.”

ಗೌತಮಿ ಪ್ರಭುಲಿಂಗನ ಬೆನ್ನು ಗುದ್ದಿದಳು, ಖುಷಿಗೋ ಅವಸರಕ್ಕೋ ಅವಳಿಗೇ ತಿಳಿಯಲಿಲ್ಲ. ಕೋಳೂರು ಹೋಯಿತು. ವಿರೂಪಾಕ್ಷಪ್ಪ ನೀರು ಕುಡಿದರು, ಕಾಲು ತೊಳೆದರು, ಎಲೆಅಡಿಕೆ ಹಾಕಿಕೊಂಡು ಕಾಲದ ಬಗ್ಗೆ ನಾಲ್ಕು ಮಾತಾಡಿದರು. ಬೈಕು ಬಳ್ಳಾರಿ ಸೇರಿ ಮೋತಿ ಸರ್ಕಲ್ಲಿನ ಗದ್ದಲಕ್ಕೆ ಸಿಕ್ಕಿಬಿದ್ದಾಗ ಫೋನಿನಲ್ಲಿ ಗಂಟೆ ಮತ್ತೆ ಶುರುವಾಯಿತು.

“ಅಕ್ಕಾ, ಹಚ್ಚಿದ್ರು!”

“ಸೀನು ಮತ್ತ!”

ನಾಗಲಕ್ಷ್ಮಿ ಸೀನಿದಳು. ಪಾಪ, ಈ ಸಲ ದುಪ್ಪಟ್ಟಾ ಹೆಚ್ಚಾಯಿತು; ಒಂದರ ಹಿಂದೆ ಇನ್ನೊಂದು ಬಂತು.

“ಜೋಡಿ ಸೀನು!” ವಿರೂಪಾಕ್ಷಪ್ಪನವರ ದನಿ ಅರಳಿತು. “ಶುಭ ಆತು ನೋಡು. ಇನ್ನ ಯಾರ ಹಂಗೂ ಇಲ್ಲ.”

“ಮೂರನೇದು ಸೀನು ನಾಗೂ!”

“ಬರವಲ್ಲದಕ್ಕಾ!” ನಾಗಲಕ್ಷ್ಮಿ ಅಳುವಂತಾದಳು.

ಸೆಂಟರಿನ ಮುಂದೆ ಬೈಕು ನಿಲ್ಲುವ ಮೊದಲೇ ಗೌತಮಿ ಹಾರಿದಳು. ಮೆಟ್ಟಿಲು, ಕಾಯುತ್ತಿದ್ದ ರೋಗಿಗಳ ಕಾಲುಗಳು, ಹೂವಿನ ತಟ್ಟೆ ಹಿಡಿದ ನಾಗಲಕ್ಷ್ಮಿ ಎಲ್ಲವನ್ನೂ ದಾಟಿ, ಚಪ್ಪಲಿ ಕಾಲಲ್ಲೇ ಸರ್ವರ್ ಕೋಣೆಗೆ ನುಗ್ಗಿದಳು. ಕರ್ಪೂರ ಉರಿಯುತ್ತಿತ್ತು. ವಿರೂಪಾಕ್ಷಪ್ಪ ಕಣ್ಣುಮುಚ್ಚಿ ಬಲಗೈಯ ಬೆರಳನ್ನು ಗುಂಡಿಯ ಮೇಲೆ ಇಳಿಸುತ್ತಿದ್ದರು.

“ಒತ್ತಬ್ಯಾಡ್ರಿ! ನಮ್ಮಪ್ಪನ ಎದಿ ಐತ್ರಿ ಅದರಾಗ!”

ಅವರು ಕಣ್ಣುಬಿಟ್ಟು ಮೊದಲು ನೋಡಿದ್ದು ಅವಳ ಚಪ್ಪಲಿಯನ್ನು. ಆಮೇಲೆ ಮುಖವನ್ನು. ಮುಖದಲ್ಲಿ ಏನು ಕಂಡಿತೋ, ಬೆರಳು ಹಿಂದಕ್ಕೆ ಬಂತು. ಕರ್ಪೂರ ಮಿಣುಕಿ ಆರಿತು. ಗೌತಮಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಚುಕ್ಕೆ, ಸೂಜಿ, ಅಪ್ಪನ ಹಟ, ತಪ್ಪಿಹೋದ ಅಧಿಕ ಮಾಸದ ಪ್ರತಿ. ಕೊನೆಗೆ, “ಅವತ್ತು ನಿಮ್ಮ ಮ್ಯಾಲ ಕೂಗಾಡಿದ್ದೆ. ನನ್ನ ಮಾತು ಕೇಳಿದ್ರ ಹೋದ ತಿಂಗಳ ಹೋಗಿಬಿಡ್ತಿತ್ತು,” ಎಂದಳು.

ಹೆಚ್ಚುಗಾರಿಕೆ ಕೊಚ್ಚಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಆ ಮನುಷ್ಯನಿಗೆ ಸಿಗುತ್ತಿರಲಿಲ್ಲ, ಮತ್ತು ಅವರು ಅಂಥ ಸಮಯ ಬಿಡುವವರೂ ಅಲ್ಲ. ಆದರೆ ಅವರು ಕುರ್ಚಿಯನ್ನು ಅವಳತ್ತ ತಳ್ಳಿದರು. “ಕುಂದ್ರು. ತಗಿ ಅದನ್ನ. ಪೂಜಿ ಸಂಜಿಗೆ ಮಾಡಿದ್ರೂ ನಡೀತೈತಿ.”

ಸಿರುಗುಪ್ಪದ ಮಷೀನಿನ ಎರಡು ವರ್ಷದ ಹಿಂದಿನ ಪ್ರತಿಯನ್ನು ಅವಳು ಬೇರೆಯಾಗಿ ಎಬ್ಬಿಸತೊಡಗಿದಳು. ಪರದೆಯ ಮೇಲೆ ನೀಲಿ ಪಟ್ಟಿ ಇರುವೆಯ ಹಾಗೆ ಹರಿಯಿತು, ನಿಂತಿತು, ಮತ್ತೆ ಹರಿಯಿತು. ಡಿಸ್ಕ್ ಕೈಕೊಟ್ಟಿದ್ದರೆ? ಆ ತಿಂಗಳ ಪ್ರತಿಯೇ ಅರ್ಧಕ್ಕೆ ನಿಂತದ್ದಾಗಿದ್ದರೆ? ಪ್ರತಿ ಇಟ್ಟುಕೊಳ್ಳುವುದು ಬೇರೆ, ಬೇಕಾದಾಗ ಅದು ಏಳುವುದು ಬೇರೆ. ಇಷ್ಟು ವರ್ಷ ಮಾಲೀಕರಿಗೆ ಅವಳೇ ಹೇಳಿದ ಪಾಠ ಅದು. ಉಗುರು ಕಚ್ಚಿದಳು, ಎದ್ದಳು, ಕೂತಳು. ಚಪ್ಪಲಿ ಕಾಲಲ್ಲೇ ಇದೆ ಎಂದು ನೆನಪಾಗಿ ಹೊರಗೆ ಬಿಟ್ಟು ಬಂದಳು.

ಮಷೀನು ಎದ್ದಿತು. ಹುಡುಕಿದಳು. ಓಬ ಎಂದು ಬಡಿಯುವಷ್ಟರಲ್ಲೇ ಹೆಸರು ಬಂತು: ಓಬಣ್ಣ, ಸಿರಿಗೇರಿ. ಅವಳು ಒತ್ತಲಾರದೆ ಒಂದು ಕ್ಷಣ ಹಾಗೇ ಕೂತಳು. ಚುಕ್ಕೆ ಇರಲಿ, ದೇವರೇ, ಆಗಲೂ ಇದ್ದಿರಲಿ ಎಂದು ಬೇಡಿಕೊಂಡಳು. ಅಪ್ಪನ ಎದೆಯಲ್ಲಿ ಕಲೆ ಇರಲಿ ಎಂದು ಯಾವ ಮಗಳು ಹರಕೆ ಹೊರುತ್ತಾಳೆ? ಅವಳು ಹೊತ್ತಳು.

ಡಾಕ್ಟರ್ ಅಂಜನಾ ಬಂದು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. ಹಳೆಯದು ಎಡಕ್ಕೆ, ಹೊಸದು ಬಲಕ್ಕೆ. ಪದರ ಪದರವಾಗಿ ಇಳಿಯುತ್ತಾ ಹೋದರು. ಹೊಸದರಲ್ಲಿ ಅವರೆಕಾಳು ಬಂತು. ಹಳೆಯದರಲ್ಲಿ ಅದೇ ಜಾಗ. ಅವರು ಒಂದು ಪದರ ಮೇಲೆ ಹೋದರು, ಎರಡು ಕೆಳಗೆ ಬಂದರು, ಮತ್ತೆ ಅಲ್ಲೇ ನಿಂತರು. ಗೌತಮಿ ಡಾಕ್ಟರಲ್ಲ. ಆದರೂ ಕಂಡಿತು. ಹಳೆಯ ಚಿತ್ರದಲ್ಲಿ ಆ ಜಾಗ ಗುಡಿಸಿ ಸಾರಿಸಿದ ಅಂಗಳದಂತೆ ಸ್ವಚ್ಛವಾಗಿತ್ತು.

“ಆಗ ಇಲ್ಲ ಗೌತಮಿ,” ಎಂದರು ಅಂಜನಾ. “ಹೊಸದಿದು. ಆದ್ರ ಇನ್ನೂ ಸಣ್ಣದೈತಿ, ಇದೊಂದು ಚಲೋ ಆತು. ಹಳೇದು ಸಿಗದಿದ್ರ ಕಾದು ನೋಡೋಣಂತ ಮೂರು ತಿಂಗಳು ಕಳೀತಿದ್ವಿ. ನಾಳಿಗೇ ಸೂಜಿಗೆ ಹೇಳ್ತೀನಿ. ಅಪ್ಪನ್ನ ಒಪ್ಪಿಸು.”

ವಿರೂಪಾಕ್ಷಪ್ಪ ಅವಳ ಹೆಗಲು ಮುಟ್ಟಿ ಹೊರಗೆ ಹೋದರು. ಗೌತಮಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಇಷ್ಟು ದೂರ ಓಡಿ ಬಂದ ತನ್ನ ಕಾಲುಗಳ ಮೇಲೆ, ಏಳದೆ ಹೋಗಬಹುದಾಗಿದ್ದ ಆ ಪ್ರತಿಯ ಮೇಲೆ. ಆ ಸಿಟ್ಟಿನಲ್ಲೇ ಅಪ್ಪನಿಗೆ ಫೋನ್ ಮಾಡಿದಳು. ತಡ ಮಾಡಿದರೆ ಹೇಳಲಾರೆನೆಂದು ಅವಳಿಗೆ ಗೊತ್ತಿತ್ತು.

“ಹಳೇ ಫೋಟೋ ಸಿಕ್ತಪ್ಪಾ.”

“ಸಿಕ್ತಾ! ಏನೈತಿ ಅದರಾಗ? ಆ ಚುಕ್ಕಿ ಐತೇನು?”

“ಇಲ್ಲ.”

“ಇಲ್ಲಾ?” ಗದ್ದೆಯಾಚೆಗೂ ಕೇಳುವ ಆ ದನಿ ಏರಿತು. “ಉಚ್ಚೆಂಗೀ! ಕೇಳಿದೇನು, ಇಲ್ಲಂತ! ನಾ ಹೇಳಿರಲಿಲ್ಲೇನು, ನನಗೇನೂ ಆಗಿಲ್ಲಂತ? ಸೂಜಿ ಅಂತ, ಸೂಜಿ!” ನಗು ಕೆಮ್ಮಾಯಿತು. ಆ ಕಡೆ ಅವ್ವ ಯಾವುದೋ ಪಾತ್ರೆ ಕೆಳಗಿಟ್ಟು ಅಳುತ್ತಾ ನಗುತ್ತಾ ಅಂಗಳಕ್ಕೆ ಓಡಿದ್ದು ಕೇಳಿಸಿತು.

ಕೆಮ್ಮು ನಿಲ್ಲುವವರೆಗೆ ಗೌತಮಿ ಕಾದಳು.

“ಅಪ್ಪಾ, ಪೂರಾ ಕೇಳು. ಆಗ ಇರಲಿಲ್ಲ. ಈಗ ಐತಿ. ಅಂದ್ರ ಅದು ಈ ಎರಡು ವರ್ಷದಾಗ ಹುಟ್ಟೈತಿ. ಹಳೇದ್ರಾಗ ಇದ್ದಿದ್ರ ಬಿಡಬಹುದಿತ್ತು. ಈಗ ಬಿಡಾಕ ಬರಂಗಿಲ್ಲ.”

ಹಿಂದಿನಿಂದ ಅವ್ವನ ದನಿ ಬರುತ್ತಿತ್ತು, ಪಕ್ಕದ ಮನೆಯ ಗಂಗಕ್ಕನನ್ನು ಕೂಗಿ ಕರೆದು ಹೇಳುತ್ತಿದ್ದಳು: ಏನೂ ಇಲ್ಲಂತವ್ವ, ಮಗಳು ಈಗ ಫೋನ್ ಮಾಡಿದ್ಲು, ಏನೂ ಇಲ್ಲಂತ.

“ಸಣ್ಣದೈತಿ ಅಪ್ಪಾ. ಡಾಕ್ಟರ್ ಅಂದ್ರು. ಲಗೂ ಸಿಕ್ಕೈತಿ.”

“ಹ್ಞೂಂ,” ಎಂದ ಓಬಣ್ಣ. ಆಮೇಲೆ, ಅವಳು ಹುಟ್ಟಿದಾಗಿನಿಂದ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದ: “ಸಂಜಿಗೆ ನೀ ಹಬ್ಬಕ್ಕ ಬರಬ್ಯಾಡ. ನಿನ್ನ ಮಾರಿ ನೋಡಿದ್ರ ನಿಮ್ಮವ್ವಗ ತಿಳೀತೈತಿ. ಇವತ್ತೊಂದಿನ ಆಕಿ ಊರಿಗೆಲ್ಲ ಹೇಳ್ಕೊಂಡು ಉಣ್ಣಲಿ. ನಾಳಿ ಮೊದಲನೇ ಬಸ್ಸಿಗೆ ನಾನ ಬರ್ತೀನಿ, ಸೂಜಿ ಹಾಕಸ್ಕೊಳ್ಳಾಕ.”